ಕೋರ್ಟು ಮುಗಿಸಿ ತರಗತಿಗೆ: ಭಾರತದ ಕಾನೂನು ಕಾಲೇಜುಗಳಲ್ಲಿ ವಕೀಲರ ಅರೆಕಾಲಿಕ ಅಧ್ಯಾಪನ

ಭಾರತದ ಕಾನೂನು ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಘಟ್ಟಗಳನ್ನು ಗುರುತಿಸುತ್ತಾರೆ. 1855ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಕಾನೂನು ತರಗತಿಗಳು ಶುರುವಾದದ್ದು ಒಂದು. 1988ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಪಾಠ ಆರಂಭಿಸಿದ್ದು ಇನ್ನೊಂದು. ನಡುವಿನ 130ಕ್ಕೂ ಹೆಚ್ಚು ವರ್ಷಗಳ ಬಗ್ಗೆ ಒಂದು ತೀರ್ಮಾನ ಬಹಳ ಕಾಲದಿಂದ ಚಲಾವಣೆಯಲ್ಲಿದೆ: ಆಗ ಪಾಠ ಹೇಳುತ್ತಿದ್ದವರು ಕೋರ್ಟಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದ ವಕೀಲರು, ಹಾಗಾಗಿ ಶಿಕ್ಷಣದ ಮಟ್ಟ ಕುಸಿದಿತ್ತು ಎಂಬುದು. ಈ ಕಾರ್ಯಕಾರಣ ಸಂಬಂಧ ದಾಖಲೆಯ ಮುಂದೆ ನಿಲ್ಲುವುದಿಲ್ಲ ಎನ್ನುವುದು ಈ ಲೇಖನದ ವಾದ. ಒಂದೇ ಕಾಲದ, ಒಂದೇ ಬಾರಿನ ವಕೀಲರು ಒಂದು ಏರ್ಪಾಡಿನಲ್ಲಿ ಪಾಠ ಹೇಳಿದಾಗ ದೇಶದ ಶ್ರೇಷ್ಠ ಕಾನೂನು ಗ್ರಂಥಗಳು ಹುಟ್ಟಿದವು. ಇನ್ನೊಂದು ಏರ್ಪಾಡಿನಲ್ಲಿ ಹಾಜರಿ ಕರೆದು ನೋಟ್ಸ್ ಬರೆಸುವುದರಲ್ಲೇ ವರ್ಷ ಕಳೆಯಿತು. ವ್ಯತ್ಯಾಸ ಇದ್ದದ್ದು ಅವರನ್ನು ಯಾವ ಕರಾರಿನ ಮೇಲೆ ಕರೆಸಿಕೊಂಡರು ಎಂಬುದರಲ್ಲಿ.

ಪ್ರಾಂತ್ಯಗಳ ಆರಂಭ

ಬೊಂಬಾಯಿಯ ಸುಪ್ರೀಂ ಕೋರ್ಟಿನಲ್ಲಿ 1847ರಿಂದ 1852ರವರೆಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸರ್ ಅರ್ಸ್ಕಿನ್ ಪೆರಿ, ಪೀಠದಲ್ಲಿ ಕೂತೇ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳಿಗೆ ಕಾನೂನಿನ ಉಪನ್ಯಾಸ ಕೊಡುತ್ತಿದ್ದರು. ಅವರು ಹಡಗು ಹತ್ತಿದ ಮೇಲೆ ಅಭಿಮಾನಿಗಳು ಕೂಡಿಸಿದ ನಿಧಿಯಿಂದ ಅವರ ಹೆಸರಿನಲ್ಲೇ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. 1855ರ ತರಗತಿಗಳು ಇದರ ಮೇಲೆ ನಿಂತವು. ಇಂದಿನ ಮುಂಬೈ ಸರ್ಕಾರಿ ಕಾನೂನು ಕಾಲೇಜು ಬೆಳೆದದ್ದು ಅಲ್ಲಿಂದ. ಅಂದರೆ ಏಷ್ಯಾದಲ್ಲೇ ಅತಿ ಹಳೆಯದೆಂದು ಹೆಸರಾದ ಕಾನೂನು ಕಾಲೇಜಿನ ಬುಡದಲ್ಲಿರುವುದು ಒಬ್ಬ ಹಾಲಿ ನ್ಯಾಯಾಧೀಶರ ಅರೆಕಾಲಿಕ ಬೋಧನೆ.

ಮದರಾಸಿನ ಕಥೆ ಇನ್ನೂ ಸ್ಪಷ್ಟವಾಗಿದೆ. ಅಲ್ಲಿನ ಬಾರಿನ ಪ್ರಮುಖ ವಕೀಲ ಜಾನ್ ಬ್ರೂಸ್ ನಾರ್ಟನ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಾಕ್ಷ್ಯ ಕಾನೂನಿನ ಮೇಲೆ ಉಪನ್ಯಾಸಗಳನ್ನು ಕೊಟ್ಟು, ಅವನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಸಾಕ್ಷ್ಯ ಅಧಿನಿಯಮ ಬಂದದ್ದು 1872ರಲ್ಲಿ. ಅದಕ್ಕೂ ಮೊದಲು ಕಂಪನಿಯ ನ್ಯಾಯಾಲಯಗಳಲ್ಲಿ ಸಾಕ್ಷ್ಯದ ನಿಯಮ ಏನೆಂದು ಒಂದೆಡೆ ಹುಡುಕುವವರಿಗೆ ಆ ಪುಸ್ತಕ ಬೇಕಿತ್ತು. ಆಗ ಸಂಹಿತೆಯೇ ಇರಲಿಲ್ಲ. ಮೊಕದ್ದಮೆ ನಡೆಸಿ ಗೊತ್ತಿದ್ದವರಷ್ಟೇ ಅದನ್ನು ಬರೆಯಬಹುದಿತ್ತು. ಅದೇ ಕಾಲೇಜಿನಲ್ಲಿ 1857ರಲ್ಲಿ ಕಾನೂನು, ತರ್ಕ, ನೀತಿಶಾಸ್ತ್ರ ಮೂರನ್ನೂ ಹೇಳಿಕೊಡುವ ಹುದ್ದೆಯಲ್ಲಿದ್ದ ಬ್ಯಾರಿಸ್ಟರ್ ಜಾನ್ ಡಾಸನ್ ಮೇನ್, 1878ರಲ್ಲಿ ಹಿಂದೂ ಕಾನೂನು ಮತ್ತು ರೂಢಿಯ ಮೇಲೆ ತಮ್ಮ ಗ್ರಂಥ ಪ್ರಕಟಿಸಿದರು. ನಮ್ಮ ಜಿಲ್ಲಾ ಕೋರ್ಟುಗಳ ಗ್ರಂಥಾಲಯಗಳಲ್ಲಿ ಪಾಲುವಿಭಾಗದ ದಾವೆಗೆ ಇಂದಿಗೂ ಕೈಗೆತ್ತಿಕೊಳ್ಳುವ ಪುಸ್ತಕ ಅದು.

ಟಾಗೋರ್ ಕರಾರು

ಈ ಚರಿತ್ರೆಯ ಅತ್ಯಂತ ಮಹತ್ವದ ದಾಖಲೆ ಒಬ್ಬ ವಕೀಲರ ಉಯಿಲು ಎಂದರೆ ಅತಿಶಯವಲ್ಲ. ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನಲ್ಲಿ ಸರ್ಕಾರಿ ವಕೀಲರಾಗಿ ದೊಡ್ಡ ಸಂಪಾದನೆ ಮಾಡಿದ ಪ್ರಸನ್ನಕುಮಾರ ಟಾಗೋರ್ 1868ರಲ್ಲಿ ತೀರಿಕೊಂಡರು. ಅವರು ಬಿಟ್ಟ ದತ್ತಿಯಿಂದ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಟಾಗೋರ್ ಕಾನೂನು ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. 1870ರಲ್ಲಿ ಹರ್ಬರ್ಟ್ ಕವೆಲ್ ಮೊದಲ ಉಪನ್ಯಾಸಮಾಲೆ ಕೊಟ್ಟರು. ಏರ್ಪಾಡು ಸರಳವಾಗಿತ್ತು. ಒಬ್ಬರನ್ನು ಒಂದು ವಿಷಯಕ್ಕೆ ಆರಿಸುವುದು, ಗೌರವಯುತ ಸಂಭಾವನೆ ಕೊಡುವುದು, ಅವರು ಆ ವಿಷಯವನ್ನು ಪೂರ್ತಿ ಶೋಧಿಸಿ ಸಾಲು ಉಪನ್ಯಾಸ ಕೊಡುವುದು, ಉಪನ್ಯಾಸಗಳು ಅಚ್ಚಾಗುವುದು. ವಕೀಲಿ ಬಿಡಬೇಕೆಂಬ ಷರತ್ತು ಇರಲಿಲ್ಲ. ಹೇಳಿದ್ದನ್ನು ಅಚ್ಚು ಮಾಡಿಸಲೇಬೇಕೆಂಬ ಷರತ್ತು ಇತ್ತು.

ಇದರ ಫಲ ನೋಡಿ. ರಾಸಬಿಹಾರಿ ಘೋಷ್ 1875-76ರಲ್ಲಿ ಅಡಮಾನ ಕಾನೂನಿನ ಮೇಲೆ ಮಾತನಾಡಿದರು. ಆಗ ಆಸ್ತಿ ವರ್ಗಾವಣೆ ಅಧಿನಿಯಮ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1882ರಲ್ಲಿ. ಗುರುದಾಸ ಬ್ಯಾನರ್ಜಿ 1878ರಲ್ಲಿ ಹಿಂದೂ ವಿವಾಹ ಮತ್ತು ಸ್ತ್ರೀಧನವನ್ನು ಎತ್ತಿಕೊಂಡರು. ಆಶುತೋಷ ಮುಖರ್ಜಿ 1898ರಲ್ಲಿ ಆಸ್ತಿಯನ್ನು ತಲೆತಲಾಂತರಕ್ಕೆ ಕಟ್ಟಿಹಾಕುವುದನ್ನು ತಡೆಯುವ ನಿಯಮವನ್ನು ವಿವರಿಸಿದರು. ಮೂವರೂ ಕಲ್ಕತ್ತ ಹೈಕೋರ್ಟಿನ ಬಿಡುವಿಲ್ಲದ ವಕೀಲರು. ಮೂವರ ಪುಸ್ತಕಗಳೂ ತಮ್ಮ ತಮ್ಮ ವಿಷಯದಲ್ಲಿ ದಾರಿ ಕಡಿದವು.

ಗುರುದಾಸರ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅವರು ಎರಡೂ ಏರ್ಪಾಡುಗಳನ್ನು ಕಂಡವರು. 1866ರಿಂದ 1872ರವರೆಗೆ ಬಹರಂಪುರದ ಕಾಲೇಜಿನಲ್ಲಿ ಕಾನೂನು ಉಪನ್ಯಾಸಕರಾಗಿದ್ದು, ಅಲ್ಲೇ ಜಿಲ್ಲಾ ಕೋರ್ಟಿನಲ್ಲಿ ವಕೀಲಿಯನ್ನೂ ಮಾಡುತ್ತಿದ್ದರು. ಸಾಮಾನ್ಯ ಅರೆಕಾಲಿಕ ಅಧ್ಯಾಪಕನ ದುಡಿಮೆ ಅದು. ಕಲ್ಕತ್ತೆಗೆ ಬಂದು ಟಾಗೋರ್ ಪೀಠದಲ್ಲಿ ಕೂತಾಗಲೇ ಅವರಿಂದ ಆ ದೊಡ್ಡ ಗ್ರಂಥ ಬಂತು. ಆಮೇಲೆ ಹೈಕೋರ್ಟ್ ನ್ಯಾಯಮೂರ್ತಿಯಾದರು, 1890ರಲ್ಲಿ ಆ ವಿಶ್ವವಿದ್ಯಾಲಯದ ಮೊದಲ ಭಾರತೀಯ ಕುಲಪತಿಯೂ ಆದರು. ಬಹರಂಪುರದ ಯುವಕನಿಗಿಂತ ಕಲ್ಕತ್ತೆಯ ಗುರುದಾಸರಿಗೆ ವಯಸ್ಸೂ ಅನುಭವವೂ ಹೆಚ್ಚಿತ್ತು, ನಿಜ. ಆದರೆ ಬರೆಯುವ ಅವಕಾಶವನ್ನೂ ಬಾಧ್ಯತೆಯನ್ನೂ ಒಟ್ಟಿಗೆ ಕೊಟ್ಟದ್ದು ಪೀಠದ ಕರಾರು.

ಆಶುತೋಷ ಮುಖರ್ಜಿ ಕುಲಪತಿಯಾದಾಗ ವಿಶ್ವವಿದ್ಯಾಲಯದ್ದೇ ಆದ ಕಾನೂನು ಕಾಲೇಜನ್ನು 1909ರಲ್ಲಿ ಕಟ್ಟಿದರು. ಅಲ್ಲಿಗೂ ಅವರು ಕರೆತಂದದ್ದು ಹೈಕೋರ್ಟಿನ ತರುಣ ವಕೀಲರನ್ನು. ಮುಂದೆ ರಾಷ್ಟ್ರಪತಿಯಾದ ರಾಜೇಂದ್ರ ಪ್ರಸಾದ್ 1914ರಿಂದ 1916ರವರೆಗೆ ಅಲ್ಲಿ ಪಾಠ ಹೇಳಿದರು, ಪಾಟ್ನಾ ಹೈಕೋರ್ಟ್ ಶುರುವಾದ ಮೇಲೆ ಅತ್ತ ಹೋದರು. ರಾಧಾಬಿನೋದ ಪಾಲ್ 1923ರಿಂದ 1936ರವರೆಗೆ, ಅಂದರೆ ಹದಿಮೂರು ವರ್ಷ, ವಕೀಲಿ ನಡೆಸುತ್ತಲೇ ಬೋಧಿಸಿದರು. ಮೂರು ಸಲ ಟಾಗೋರ್ ಪೀಠಕ್ಕೂ ಆಯ್ಕೆಯಾದರು. ಎರಡನೇ ಮಹಾಯುದ್ಧದ ನಂತರ ಟೋಕಿಯೊ ನ್ಯಾಯಮಂಡಳಿಯಲ್ಲಿ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದು ಕಂಡ ಅವರ ಭಿನ್ನ ತೀರ್ಪನ್ನು ಓದಿದವರಿಗೆ, ಅದರಲ್ಲಿ ಆದಾಯ ತೆರಿಗೆಯ ವಕೀಲರ ನಿಖರತೆಯ ಜೊತೆಗೆ ಕಾನೂನಿನ ತತ್ತ್ವವನ್ನು ವರ್ಷಗಟ್ಟಲೆ ಬೋಧಿಸಿದವರ ವಿಸ್ತಾರವೂ ಕಾಣುತ್ತದೆ.

ಬೊಂಬಾಯಿ: ಅಂಬೇಡ್ಕರ್ ಮತ್ತು ಸಹೋದ್ಯೋಗಿಗಳು

ಬೊಂಬಾಯಿಯಲ್ಲಿ ಇಂಥ ದತ್ತಿಯ ಬಲ ಅಷ್ಟಿರಲಿಲ್ಲ. ಆದರೆ ಅಧ್ಯಾಪಕರ ಪಟ್ಟಿ ಬೆರಗುಗೊಳಿಸುವಂಥದು. ಎಂ.ಸಿ. ಛಾಗ್ಲಾ 1927ರಿಂದ 1930ರವರೆಗೆ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಸಂವಿಧಾನಾತ್ಮಕ ಕಾನೂನು ಬೋಧಿಸಿದರು. 1928ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿ ಪ್ರಾಧ್ಯಾಪಕರಾಗಿ ಬಂದರು. ಅಂಬೇಡ್ಕರರಿಗೆ ಈ ದುಡಿಮೆ ಹೊಸದಾಗಿರಲಿಲ್ಲ. 1923ರಲ್ಲಿ ವಕೀಲಿ ಶುರುಮಾಡಿದಾಗ ಅಸ್ಪೃಶ್ಯನೆಂಬ ಕಾರಣಕ್ಕೆ ಅವರಿಗೆ ಬ್ರೀಫ್ ಕೊಡಲು ಸಾಲಿಸಿಟರುಗಳು ಹಿಂಜರಿಯುತ್ತಿದ್ದರು. 1925ರಿಂದ 1928ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಅರೆಕಾಲಿಕ ಪಾಠ ಅವರ ಮನೆ ನಡೆಸಲು ನೆರವಾಯಿತು. ಅರೆಕಾಲಿಕ ಬೋಧನೆ ಬಾರಿನಲ್ಲಿ ಇನ್ನೂ ನೆಲೆಯೂರದ ಪ್ರತಿಭಾವಂತರನ್ನು ಉಳಿಸಿದ ಆಸರೆಯೂ ಹೌದು ಎಂಬುದನ್ನು ಇದು ತೋರಿಸುತ್ತದೆ. ಶಿಕ್ಷಣದ ಗುಣಮಟ್ಟದ ಚರ್ಚೆಯಲ್ಲಿ ಈ ಸಂಗತಿ ಬರುವುದೇ ಇಲ್ಲ, ಬರಬೇಕು.

1935ರಲ್ಲಿ ಅಂಬೇಡ್ಕರ್ ಅದೇ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಾದರು. ಮರುವರ್ಷ ಕಾಲೇಜಿನ ಪತ್ರಿಕೆಯಲ್ಲಿ ಪ್ರಾಂತ್ಯದ ಕಾನೂನು ಶಿಕ್ಷಣದ ಸುಧಾರಣೆ ಕುರಿತು ಲೇಖನ ಬರೆದರು. ಆ ವೇಳೆಗಾಗಲೇ ಸೈಮನ್ ಆಯೋಗ, ದುಂಡುಮೇಜಿನ ಪರಿಷತ್ತು, ಪೂನಾ ಒಪ್ಪಂದ ಎಲ್ಲವನ್ನೂ ಹಾದುಬಂದಿದ್ದವರು ಪಠ್ಯಕ್ರಮದ ಬಗ್ಗೆ ಕೂತು ಬರೆದರು ಎಂದರೆ ಆ ಕೆಲಸಕ್ಕೆ ಅವರು ಕೊಟ್ಟ ಬೆಲೆ ತಿಳಿಯುತ್ತದೆ. ಅವರ ನಂತರ ಅದೇ ಹುದ್ದೆಗೆ ಬಂದ ಎ.ಎ.ಎ. ಫೈಜಿಯವರೂ ಬೊಂಬಾಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದವರು. ಮುಸ್ಲಿಂ ಕಾನೂನಿನ ಅವರ ಪಠ್ಯಪುಸ್ತಕವನ್ನು ಮೀರಿಸಿದ್ದು ಇನ್ನೂ ಬಂದಿಲ್ಲವೆಂಬುದು ನನ್ನ ಅಭಿಪ್ರಾಯ. ಸ್ವಾತಂತ್ರ್ಯದ ಹೊಸದರಲ್ಲಿ, 1949ರಿಂದ 1952ರವರೆಗೆ, ಅಲ್ಲಿ ಅರೆಕಾಲಿಕ ಪ್ರಾಧ್ಯಾಪಕರಾಗಿದ್ದ ವೈ.ವಿ. ಚಂದ್ರಚೂಡ್ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಕನ್ನಡ ನಾಡಿನಲ್ಲಿ

ಕನ್ನಡಿಗರ ಪಾಡು ಬೇರೆಯಾಗಿತ್ತು. ನಾಡು ಹಂಚಿಹೋಗಿದ್ದ ಕಾಲದಲ್ಲಿ ಧಾರವಾಡದವರು ಬೊಂಬಾಯಿ, ಪುಣೆಗೂ, ದಕ್ಷಿಣ ಕನ್ನಡದವರು ಮದರಾಸಿಗೂ, ಕಲಬುರ್ಗಿಯ ಕಡೆಯವರು ಹೈದರಾಬಾದಿಗೂ ಕಾನೂನು ಓದಲು ಹೋಗಬೇಕಿತ್ತು. ಪುಣೆಯಲ್ಲಿ 1924ರಲ್ಲಿ ಇಂಡಿಯನ್ ಲಾ ಸೊಸೈಟಿಯ ಕಾಲೇಜು ತೆರೆದಾಗ ಅದರ ಮೊದಲ ಪ್ರಾಂಶುಪಾಲರಾದ ಜೆ.ಆರ್. ಘಾರ್ಪುರೆ, ಧರ್ಮಶಾಸ್ತ್ರ ಗ್ರಂಥಗಳನ್ನು ಸಂಪಾದಿಸಿ ಅನುವಾದಿಸಿದ ವಕೀಲರು. ಬೆಳಗಾವಿಯಲ್ಲಿ 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಹುಟ್ಟಿ, ವಂಟಮೂರಿಯ ಸರದೇಸಾಯಿ ರಾಜಾ ಲಖಮಗೌಡರ ಹೆಸರಿನಲ್ಲಿ ಕಾಲೇಜು ತೆರೆಯಿತು. ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯಲ್ಲಿ ಹುಟ್ಟಿ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಕಾನೂನು ಓದಿದ್ದು ಪುಣೆ ಮತ್ತು ಬೆಳಗಾವಿಯಲ್ಲಿ. ಮೈಸೂರು ಸಂಸ್ಥಾನದ ಹುಡುಗನೊಬ್ಬ ಅಷ್ಟು ದೂರ ಹೋಗಬೇಕಾಗಿ ಬಂದದ್ದು ಏಕೆಂದರೆ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದೇ 1948ರಲ್ಲಿ. ಉಡುಪಿಯಲ್ಲಿ 1957ರಲ್ಲಿ ಬಂದ ಕಾಲೇಜು ಇಂದು ವಕೀಲರೂ ವಿಧಾನಸಭೆಯ ಸಭಾಧ್ಯಕ್ಷರೂ ಆಗಿದ್ದ ವೈಕುಂಠ ಬಾಳಿಗರ ಹೆಸರು ಹೊತ್ತಿದೆ.

ಈ ಕಾಲೇಜುಗಳೂ, ಅವುಗಳ ಬೆನ್ನಿಗೆ ಜಿಲ್ಲೆ ಜಿಲ್ಲೆಗಳಲ್ಲಿ ಬಂದ ಕಾಲೇಜುಗಳೂ ಸ್ಥಳೀಯ ಬಾರಿನ ಹೆಗಲ ಮೇಲೆ ನಡೆದವು. ಬೆಳಿಗ್ಗೆ ಕೋರ್ಟು ಕೂರುವ ಮೊದಲು ಅಥವಾ ಸಂಜೆ ಕೋರ್ಟು ಎದ್ದ ಮೇಲೆ ಪಾಠ. ಬೆಂಚಿನಲ್ಲಿ ಕೂರುತ್ತಿದ್ದವರು ಗುಮಾಸ್ತರು, ಬ್ಯಾಂಕ್ ನೌಕರರು, ಶಾಲಾ ಮೇಷ್ಟ್ರುಗಳು, ಹಳ್ಳಿಯಿಂದ ಬಂದು ಪೇಟೆಯಲ್ಲಿ ಕೆಲಸ ಹಿಡಿದ ಹುಡುಗರು. ಹಗಲಿನ ದುಡಿಮೆ ಬಿಟ್ಟು ಓದಲಾರದ ಒಂದು ಪೀಳಿಗೆಗೆ ಸನ್ನದು ಸಿಕ್ಕಿದ್ದು ಈ ತರಗತಿಗಳಿಂದ. ಓದಿ, ಸೀನಿಯರ್ ಒಬ್ಬರ ಕೈಕೆಳಗೆ ಪಳಗಿ, ಕೆಲಕಾಲ ತಾವೂ ಪಾಠ ಹೇಳುವುದು ಅನೇಕರ ಹಾದಿಯಾಗಿತ್ತು. ಸಿದ್ದರಾಮಯ್ಯನವರು ರಾಜಕೀಯಕ್ಕೆ ಬರುವ ಮೊದಲು ಮೈಸೂರಿನಲ್ಲಿ ಹಿರಿಯ ವಕೀಲರ ಬಳಿ ಜೂನಿಯರ್ ಆಗಿದ್ದು, ಕೆಲಕಾಲ ಕಾನೂನು ಬೋಧಿಸಿದ್ದೂ ಆ ಹಾದಿಯಲ್ಲೇ.

ಆದರೆ ಇಲ್ಲಿ ಟಾಗೋರ್ ಕರಾರಿನ ಯಾವ ಅಂಶವೂ ಇರಲಿಲ್ಲ. ತಾಸಿಗಿಷ್ಟು ಸಂಬಳ. ಬರೆಯುವ ಬಾಧ್ಯತೆ ಇಲ್ಲ, ಗ್ರಂಥಾಲಯ ಕಟ್ಟುವ ಹೊಣೆ ಯಾರಿಗೂ ಇಲ್ಲ. ಆಡಳಿತ ಮಂಡಳಿಗಳಿಗೆ ಇದು ಅಗ್ಗದ ಏರ್ಪಾಡು. ಎಂಜಿನಿಯರಿಂಗ್ ಕಾಲೇಜಿಗೆ ಪ್ರಯೋಗಾಲಯ ಬೇಕು, ಕಾನೂನು ಕಾಲೇಜಿಗೆ ನಾಲ್ಕು ಕೊಠಡಿ ಸಾಕು ಎಂಬ ಲೆಕ್ಕಾಚಾರ ಹಲವೆಡೆ ನಡೆಯಿತು. ಕೆಲವು ವಕೀಲರು ಇದೇ ಏರ್ಪಾಡಿನಲ್ಲೂ ಅದ್ಭುತವಾಗಿ ಪಾಠ ಹೇಳಿದರು. ಆದರೆ ಹೇಳಿದ್ದು ಅಲ್ಲೇ ಕರಗಿತು, ಅಚ್ಚಿಗೆ ಬರಲಿಲ್ಲ.

ಟೀಕೆ, ನಿಯಮ, ಮೂರು ಗಂಟೆ

1948-49ರ ರಾಧಾಕೃಷ್ಣನ್ ಆಯೋಗ ಕಾನೂನು ಕಾಲೇಜುಗಳನ್ನು ಬುಡದಿಂದ ಮರುಸಂಘಟಿಸಬೇಕೆಂದಿತು. ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ ಇನ್ನೂ ಕಠಿಣವಾಗಿ ಮಾತನಾಡಿತು. ಅರೆಕಾಲಿಕ ಅಧ್ಯಾಪಕರನ್ನೇ ನೆಚ್ಚಿದ, ಬೆಳಿಗ್ಗೆ ಸಂಜೆ ಎರಡು ತಾಸು ಬಾಗಿಲು ತೆರೆಯುವ ಕಾಲೇಜುಗಳನ್ನು ಖಂಡಿಸಿತು. ವಿಶ್ವವಿದ್ಯಾಲಯದಲ್ಲಿ ತಾತ್ತ್ವಿಕ ಶಿಕ್ಷಣ, ಅದರ ಮೇಲೆ ವಕೀಲರ ಪರಿಷತ್ತಿನಿಂದ ವೃತ್ತಿ ತರಬೇತಿ ಎಂಬ ವಿಭಜನೆಯನ್ನು ಮುಂದಿಟ್ಟಿತು. ಅದರ ಟೀಕೆ ಬಹುಮಟ್ಟಿಗೆ ನ್ಯಾಯವಾದದ್ದೇ. ಆದರೂ ಸಂಜೆ ಓದುವವನು ಯಾರು, ಏಕೆ ಸಂಜೆಯೇ ಬರುತ್ತಾನೆ ಎಂಬ ಪ್ರಶ್ನೆಗೆ ಕೊಡಬೇಕಾದ ತೂಕವನ್ನು ಆ ಕಾಲದ ಸುಧಾರಕರು ಕೊಡಲಿಲ್ಲ ಎಂದು ಹೇಳಲೇಬೇಕು.

1961ರ ವಕೀಲರ ಅಧಿನಿಯಮ ಕಾನೂನು ಶಿಕ್ಷಣದ ಮಟ್ಟ ನಿಗದಿ ಮಾಡುವ ಅಧಿಕಾರವನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಕೊಟ್ಟಿತು. ಕೌನ್ಸಿಲ್ಲಿನ ನಡತೆ ನಿಯಮಗಳಲ್ಲಿ 49ನೆಯದು ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವುದನ್ನು ನಿಷೇಧಿಸುತ್ತದೆ. 51ನೆಯದು ಕಾನೂನು ಪರೀಕ್ಷೆಗೆ ತಯಾರಿ ಕೊಡುವುದು, ಪ್ರಶ್ನೆಪತ್ರಿಕೆ ಮಾಡುವುದು, ಉಪನ್ಯಾಸ, ಬೋಧನೆ ಮೊದಲಾದವಕ್ಕೆ ಅವಕಾಶ ಕೊಡುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿ ಎಂಬ ತಕರಾರಿಗೆ ಉತ್ತರವಾಗಿ ಕೇಂದ್ರ ಸರ್ಕಾರ 1979ರಲ್ಲಿ, ಅಧಿನಿಯಮದ 49ಎ ಕಲಮಿನ ಅಡಿ, ಕಾನೂನು ಬೋಧಿಸುವ ವಕೀಲರ ಹಕ್ಕಿಗೆಂದೇ ನಿಯಮ ಮಾಡಿತು. ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆಯಲ್ಲಿ ದಿನಕ್ಕೆ ಮೂರು ಗಂಟೆ ಮೀರದಂತೆ ವಕೀಲರು ಕಾನೂನು ಬೋಧಿಸಬಹುದು. ಹುದ್ದೆಗೆ ಯಾವ ಹೆಸರಿದ್ದರೂ, ಸಂಬಳ ನಿಗದಿತ ಮೊತ್ತವಿರಲಿ ವೇತನ ಶ್ರೇಣಿಯಿರಲಿ, ಆ ಮಿತಿಯೊಳಗಿದ್ದರೆ ಅದು ಅರೆಕಾಲಿಕವೇ.

ವೃತ್ತಿಯ ಹಿತ ಕಾಯಲು ಇದು ಒಳ್ಳೆಯ ನಿಯಮ. ವಿದ್ಯಾರ್ಥಿಯ ಹಿತಕ್ಕೆ ಅದರಲ್ಲಿ ಏನೂ ಇಲ್ಲ. ತರಗತಿಯಲ್ಲಿ ನಿಂತ ಗಂಟೆಗಳನ್ನು ಅದು ಎಣಿಸುತ್ತದೆ, ಓದಿಕೊಂಡು ಬಂದ ಗಂಟೆಗಳನ್ನು ಕೇಳುವುದಿಲ್ಲ. ಒಂದು ಶತಮಾನದ ಹಿಂದೆ ಒಬ್ಬ ಖಾಸಗಿ ದಾನಿ ಯೋಚಿಸಿದ್ದಷ್ಟನ್ನು ಸಾರ್ವಜನಿಕ ನಿಯಮ ಯೋಚಿಸಲಿಲ್ಲ.

ಇನ್ನೊಂದು ದಿಕ್ಕಿನಿಂದಲೂ ಗೋಡೆ ಎದ್ದಿತು. ನ್ಯಾಷನಲ್ ಲಾ ಸ್ಕೂಲ್ ಪೂರ್ಣಾವಧಿ ಅಧ್ಯಾಪಕರ, ವಸತಿಸಹಿತ ಐದು ವರ್ಷದ ಮಾದರಿ ತಂದಿತು. ಅದನ್ನು ಕಟ್ಟಿದ ಎನ್.ಆರ್. ಮಾಧವ ಮೆನನ್ ಅವರ ಈ ಸಾಧನೆ ಬಹಳ ದೊಡ್ಡದು. ಅದೇ ಹೊತ್ತಿಗೆ ಸ್ನಾತಕೋತ್ತರ ಪದವಿ, ಎನ್‌ಇಟಿ ಅರ್ಹತೆಗಳು ಖಾಯಂ ನೇಮಕಾತಿಗೆ ಕಡ್ಡಾಯವಾಗುತ್ತ ಬಂದು, ಎಲ್‌ಎಲ್‌ಬಿ ಮುಗಿಸಿ ಇಪ್ಪತ್ತು ವರ್ಷ ವಿಚಾರಣೆ ನಡೆಸಿದ ವಕೀಲರು ಅತಿಥಿ ಉಪನ್ಯಾಸಕರ ಸಾಲಿಗೆ ಸರಿದರು. ಪೂರ್ಣಾವಧಿ ಅಧ್ಯಾಪಕರು ಕೋರ್ಟಿನಲ್ಲಿ ವಾದಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2002ರಲ್ಲಿ ಅನೀಸ್ ಅಹ್ಮದ್ ಪ್ರಕರಣದಲ್ಲಿ ಹೇಳಿತು. 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ಕಾಲೇಜಿನಲ್ಲಿ ಕಾನೂನು ನೆರವು ಕೇಂದ್ರ ಇರಬೇಕು, ಹಿರಿಯ ಅಧ್ಯಾಪಕರು ಅದನ್ನು ನೋಡಿಕೊಳ್ಳಬೇಕು ಎನ್ನುತ್ತವೆ. ಆದರೆ ಆ ಅಧ್ಯಾಪಕರು ಬಡ ಕಕ್ಷಿದಾರನ ಪರ ವಕಾಲತ್ತು ಹಾಕುವಂತಿಲ್ಲ. ಕೇಂದ್ರದ ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಜೀವನಾಂಶದ ಅರ್ಜಿ ಬರೆದುಕೊಟ್ಟು, ಕೋರ್ಟಿಗೆ ಬೇರೆ ವಕೀಲರನ್ನು ಹುಡುಕಿಕೊಳ್ಳಿ ಎನ್ನಬೇಕಾದ ಸ್ಥಿತಿ. ಬೋಧನೆ ಮತ್ತು ವೃತ್ತಿಯ ನಡುವೆ ಎಳೆದ ಗೆರೆಯ ನಿಜವಾದ ಬೆಲೆಯನ್ನು ತೆರುತ್ತಿರುವವರು ಇಂಥ ಕಕ್ಷಿದಾರರು.

ವಕೀಲರು ತರಗತಿಗೆ ತರುವುದು ಏನು

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮುಖ್ಯ ವಿಚಾರಣೆಯಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳಬಾರದು, ಪಾಟೀ ಸವಾಲಿನಲ್ಲಿ ಕೇಳಬಹುದು ಎಂಬುದು 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 141ರಿಂದ 143ರವರೆಗಿನ ಕಲಮುಗಳ ಸಾರ. "ಆ ಸಂಜೆ ಆರೋಪಿಯನ್ನು ಅಂಗಡಿ ಮುಂದೆ ಕಂಡಿರಿ, ಅಲ್ಲವೇ?" ಎಂದು ತನ್ನ ಸಾಕ್ಷಿಯನ್ನೇ ಕೇಳುವಂತಿಲ್ಲ. "ಆ ಸಂಜೆ ಎಲ್ಲಿದ್ದಿರಿ, ಯಾರನ್ನು ಕಂಡಿರಿ?" ಎನ್ನಬೇಕು. ಇಷ್ಟನ್ನು ಯಾವ ಪುಸ್ತಕವೂ ಹೇಳುತ್ತದೆ. ಸೆಷನ್ಸ್ ಕೋರ್ಟಿನಲ್ಲಿ ದುಡಿಯುವ ವಕೀಲರು ಮುಂದಿನದನ್ನು ಹೇಳುತ್ತಾರೆ. ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆದುಕೊಳ್ಳುವುದಿಲ್ಲ, ನಿರೂಪಣೆಯಾಗಿ ಬರೆದುಕೊಳ್ಳುತ್ತಾರೆ. ಸಾಕ್ಷಿ ಬರೀ "ಹೌದು" ಅಂದಿದ್ದರೂ ದಾಖಲೆಯಲ್ಲಿ "ಆ ಸಂಜೆ ನಾನು ಆರೋಪಿಯನ್ನು ಅಂಗಡಿ ಮುಂದೆ ಕಂಡೆ" ಎಂದು ಕೂರುತ್ತದೆ. ಪ್ರಶ್ನೆ ಮಾಯವಾಗಿರುತ್ತದೆ. ಮೇಲ್ಮನವಿಯಲ್ಲಿ ಅದನ್ನು ಓದುವ ನ್ಯಾಯಮೂರ್ತಿಗೆ ಉತ್ತರವನ್ನು ಬಾಯಿಗಿಟ್ಟವರು ಯಾರೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಹಾಗಾಗಿ ಆಕ್ಷೇಪಣೆಯನ್ನು ಆ ಕ್ಷಣದಲ್ಲೇ ಎತ್ತಬೇಕು, ಅದು ದಾಖಲಾಗುವಂತೆ ನೋಡಿಕೊಳ್ಳಬೇಕು. ಒಬ್ಬ ಮನುಷ್ಯನ ಸ್ವಾತಂತ್ರ್ಯ ಇದರ ಮೇಲೆ ನಿಂತಿರಬಹುದು.

ಬಾರ್ ಕೌನ್ಸಿಲ್ಲಿಗೆ ಇದರ ಅರಿವಿಲ್ಲವೆಂದಲ್ಲ. ಅದರ ಕಡ್ಡಾಯ ಪ್ರಾಯೋಗಿಕ ಪತ್ರಿಕೆಗಳಲ್ಲಿ ವಿದ್ಯಾರ್ಥಿ 15 ಕರಡು ಲೇಖನ, 15 ಹಸ್ತಾಂತರ ಪತ್ರಗಳನ್ನು ಬರೆಯಬೇಕು, ಮೂರು ಅಣಕು ನ್ಯಾಯಾಲಯಗಳಲ್ಲಿ ವಾದಿಸಬೇಕು, ಒಂದು ಸಿವಿಲ್ ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಬೇಕು. ವೃತ್ತಿ ನೀತಿಯ ಪತ್ರಿಕೆಯನ್ನು ವಕೀಲರ ಸಹಯೋಗದಲ್ಲೇ ಬೋಧಿಸಬೇಕೆಂದಿದೆ. 2024ರ ಜುಲೈ 1ರಿಂದ ಹೊಸ ಮೂರು ಕ್ರಿಮಿನಲ್ ಕಾನೂನುಗಳು ಜಾರಿಯಾದ ಮೇಲೆ ಈ ಸಹಯೋಗ ಇನ್ನಷ್ಟು ತುರ್ತಾಗಿದೆ. ಅದಕ್ಕೆ ಮೊದಲು ನಡೆದ ಕೊಲೆಗೆ ದಂಡ ಸಂಹಿತೆಯ 302, ನಂತರದ್ದಕ್ಕೆ ನ್ಯಾಯ ಸಂಹಿತೆಯ 103. ಒಂದೇ ದಿನ ಒಂದೇ ಕೋರ್ಟಿನಲ್ಲಿ ಎರಡೂ ನಡೆಯುತ್ತಿವೆ.

ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟಿಸ್ ಮಾರ್ಗಸೂಚಿ ಕನಿಷ್ಠ 15 ವರ್ಷ ಅನುಭವವಿರುವ ವೃತ್ತಿಪರರಿಗೆ, ಪದವಿಗಳ ಹಂಗಿಲ್ಲದೆ, ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯಲ್ಲಿ, ವಿಶ್ವವಿದ್ಯಾಲಯದ ಬಾಗಿಲು ತೆರೆದಿದೆ. ಅವಧಿ ಸಾಮಾನ್ಯವಾಗಿ ಮೂರು ವರ್ಷ ಮೀರುವಂತಿಲ್ಲ. ಕಾನೂನು ಕಾಲೇಜುಗಳು ಇದನ್ನು ಬಳಸಿಕೊಳ್ಳುವಾಗ 1870ರ ಕರಾರನ್ನು ನೆನೆಯುವುದು ಒಳ್ಳೆಯದು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ವಿದ್ಯಾರ್ಥಿ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು. ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿ ಕನ್ನಡದಲ್ಲೇ ನುಡಿಯುತ್ತಾನೆ. ಆ ಕೋರ್ಟುಗಳಲ್ಲಿ ದಶಕಗಟ್ಟಲೆ ಪಾಟೀ ಸವಾಲು ನಡೆಸಿದ ವಕೀಲರೊಬ್ಬರನ್ನು ವರ್ಷಕ್ಕೊಮ್ಮೆ ಕರೆದು, ತಾಸಿನ ಲೆಕ್ಕ ಬಿಟ್ಟು, ತಯಾರಿಗೂ ಸಂಭಾವನೆ ಕೊಟ್ಟು, ಒಂದೇ ವಿಷಯದ ಮೇಲೆ ಕನ್ನಡದಲ್ಲಿ ಹತ್ತು ಉಪನ್ಯಾಸ ಕೊಡಿಸಿ ಅವನ್ನು ಅಚ್ಚು ಹಾಕಿಸುವ ಒಂದು ಪೀಠ ನಮ್ಮ ವಿಶ್ವವಿದ್ಯಾಲಯದಲ್ಲಿ ಆಗಬೇಕು. ಮೊದಲ ವರ್ಷದ ವಿಷಯ ಪಾಟೀ ಸವಾಲೇ ಆಗಲಿ.